ನವಜಾತ ಶಿಶುವಿನ ವಪೆಯ ಹರ್ನಿಯಾ: ಗರ್ಭದಲ್ಲಿಯೇ ಅರಿತರೆ ಬದುಕಿಗೆ ದಾರಿ



ಹರ್ನಿಯಾ ಎಂಬ ಮಾತನ್ನು ಕೇಳದವರು ವಿರಳ. ತೊಡೆಸಂದಿಯಲ್ಲಿಯೋ ಹೊಕ್ಕುಳಿನಲ್ಲಿಯೋ ಕರುಳು ಉಬ್ಬಿ ಹೊರಬರುವ ಈ ತೊಂದರೆಯನ್ನು ಭಾರ ಹೊರುವ ಗಂಡಸರಲ್ಲಿಯೂ, ಹಲವು ಹೆರಿಗೆಗಳಾದ ಹೆಣ್ಣುಮಕ್ಕಳಲ್ಲಿಯೂ ಕಾಣುತ್ತೇವೆ. ಆದರೆ ಅದೇ ಹೆಸರಿನ ಇನ್ನೊಂದು ತೊಂದರೆ ಹೊರಗೆ ಕಾಣುವುದೇ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುಪಟಲದಲ್ಲಿ ಗರ್ಭಾವಸ್ಥೆಯಲ್ಲಿಯೇ ರಂಧ್ರವೊಂದು ಮುಚ್ಚದೆ ಉಳಿಯುತ್ತದೆ. ಹೊಟ್ಟೆಯಲ್ಲಿ ಇರಬೇಕಾದ ಕರುಳು, ಜಠರ, ಪ್ಲೀಹ, ಕೆಲವೊಮ್ಮೆ ಯಕೃತ್ತಿನ ಭಾಗವೂ ಆ ರಂಧ್ರದ ಮೂಲಕ ಎದೆಗೂಡನ್ನು ಸೇರುತ್ತವೆ. ಇದಕ್ಕೆ ಜನ್ಮಜಾತ ವಪೆಯ ಹರ್ನಿಯಾ ಎಂದು ಹೆಸರು.

ಸುಮಾರು 2500ರಿಂದ 3500 ಹೆರಿಗೆಗಳಿಗೆ ಒಂದರಂತೆ ಇಂತಹ ಶಿಶು ಜನಿಸುತ್ತದೆ. ಇದು ಅಪರೂಪವೆಂದು ತೋರಬಹುದು. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಆರು ಸಾವಿರ ಹೆರಿಗೆಗಳಾಗುತ್ತವೆ ಎಂದಿಟ್ಟುಕೊಂಡರೆ, ಲೆಕ್ಕದ ಪ್ರಕಾರ ಅಲ್ಲಿ ಪ್ರತಿವರ್ಷ ಸುಮಾರು ಇಬ್ಬರು ಶಿಶುಗಳು ಈ ತೊಂದರೆಯೊಡನೆ ಜನಿಸುತ್ತಾರೆ. "ಹುಟ್ಟಿದಾಗ ಅತ್ತಿತು, ಆಮೇಲೆ ನೀಲಿಯಾಯಿತು, ಗಂಟೆಯೊಳಗೆ ಹೋಯಿತು" ಎಂದು ನಮ್ಮ ಮನೆಗಳಲ್ಲಿ ಹೇಳಲಾಗುವ ಮರಣಗಳಲ್ಲಿ ಕೆಲವು ಇದೇ ಕಾರಣದವು ಇರಬಹುದು. ಆದುದರಿಂದ ನಾರಾಯಣಪುರದಂತಹ ಹಳ್ಳಿಯ ಕುಟುಂಬವೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ವಪೆಯ ಕಾರ್ಯ, ಅದರ ನ್ಯೂನತೆ

ಕಮ್ಮಾರನ ತಿದಿಯನ್ನು ನೋಡಿದವರಿಗೆ ವಪೆಯ ಕಾರ್ಯ ಸುಲಭವಾಗಿ ತಿಳಿಯುತ್ತದೆ. ತಿದಿ ಹಿಗ್ಗಿದಾಗ ಗಾಳಿ ಒಳಗೆ ಬರುತ್ತದೆ, ಕುಗ್ಗಿದಾಗ ಹೊರಗೆ ಹೋಗುತ್ತದೆ. ಅದರಂತೆಯೇ ವಪೆಯು ಕೆಳಗಿಳಿದಾಗ ಎದೆಗೂಡು ಹಿಗ್ಗಿ ಶ್ವಾಸಕೋಶಗಳಿಗೆ ಗಾಳಿ ತುಂಬುತ್ತದೆ, ಮೇಲೇರಿದಾಗ ಗಾಳಿ ಹೊರಬೀಳುತ್ತದೆ. ಉಸಿರಾಟದ ಜೊತೆಗೆ ಇನ್ನೊಂದು ಕೆಲಸವೂ ಅದಕ್ಕಿದೆ. ಮನೆಯ ಎರಡು ಅಂಕಣಗಳ ನಡುವಿನ ಗೋಡೆಯಂತೆ ಅದು ಎದೆಯ ಅವಯವಗಳನ್ನೂ ಹೊಟ್ಟೆಯ ಅವಯವಗಳನ್ನೂ ಬೇರೆಬೇರೆಯಾಗಿ ಇರಿಸುತ್ತದೆ.

ಗರ್ಭದ ನಾಲ್ಕನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಈ ಗೋಡೆ ಬೇರೆಬೇರೆ ಭಾಗಗಳಿಂದ ಕೂಡಿ ಬೆಳೆಯುತ್ತದೆ. ಹಿಂಭಾಗದ ಪಕ್ಕದಲ್ಲಿ ಉಳಿದಿರುವ ದಾರಿಯು ಸುಮಾರು ಎಂಟನೆಯ ವಾರಕ್ಕೆ ಮುಚ್ಚಬೇಕು. ಹತ್ತನೆಯ ವಾರದ ಹೊತ್ತಿಗೆ, ಅದುವರೆಗೆ ಹೊಕ್ಕುಳ ಬಳ್ಳಿಯ ಬುಡದಲ್ಲಿ ಬೆಳೆಯುತ್ತಿದ್ದ ಕರುಳು ಹೊಟ್ಟೆಯೊಳಗೆ ಮರಳುತ್ತದೆ. ಆಗ ದಾರಿ ತೆರೆದೇ ಇದ್ದರೆ ಕರುಳು ನೇರವಾಗಿ ಎದೆಗೂಡನ್ನು ಪ್ರವೇಶಿಸುತ್ತದೆ. 1848ರಲ್ಲಿ ಪ್ರಾಗ್ ನಗರದ ಅಂಗರಚನಾಶಾಸ್ತ್ರಜ್ಞ ಬೊಕ್ಡಾಲೆಕ್ ಈ ಹಿಂಭಾಗದ ರಂಧ್ರವನ್ನು ವಿವರಿಸಿದನು. ಇಂದಿಗೂ ಅದಕ್ಕೆ ಆತನ ಹೆಸರೇ ಇದೆ. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಶಿಶುಗಳಲ್ಲಿ ಈ ರಂಧ್ರವು ಎಡಭಾಗದಲ್ಲಿಯೇ ಇರುತ್ತದೆ.

ರಂಧ್ರವೊಂದೇ ರೋಗವಲ್ಲ

ಇಲ್ಲಿ ಒಂದು ಮುಖ್ಯ ಮಾತನ್ನು ಗಮನಿಸಬೇಕು. "ರಂಧ್ರವಿದೆಯಲ್ಲವೇ? ಹೊಲಿದುಬಿಟ್ಟರೆ ಆಯಿತು" ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಶಿಶುವಿನ ಪ್ರಾಣಕ್ಕೆ ಸಂಚಕಾರ ತರುವುದು ರಂಧ್ರಕ್ಕಿಂತ ಹೆಚ್ಚಾಗಿ ಬೆಳೆಯದೆ ಉಳಿದ ಶ್ವಾಸಕೋಶ. ಗರ್ಭದ ಹದಿನಾರು ಹದಿನೇಳನೆಯ ವಾರದವರೆಗೆ ಶ್ವಾಸನಾಳಗಳು ಮರದ ಕೊಂಬೆಗಳಂತೆ ಕವಲೊಡೆಯುತ್ತವೆ. ಆ ಸ್ಥಳವನ್ನು ಕರುಳು ಆಕ್ರಮಿಸಿಕೊಂಡಾಗ ಕೊಂಬೆಗಳು ಕಡಿಮೆಯಾಗುತ್ತವೆ, ರಕ್ತನಾಳಗಳೂ ದಪ್ಪಗೋಡೆಯವಾಗಿ ಬಿಗಿದುಕೊಳ್ಳುತ್ತವೆ. ಹೃದಯವು ಬಲಕ್ಕೆ ತಳ್ಳಲ್ಪಡುತ್ತದೆ. ಇನ್ನೊಂದು ಬದಿಯ ಶ್ವಾಸಕೋಶವೂ ಒತ್ತಡಕ್ಕೆ ಒಳಗಾಗುತ್ತದೆ.

ಗರ್ಭದಲ್ಲಿರುವವರೆಗೆ ಶಿಶುವಿಗೆ ಇದರಿಂದ ಕಷ್ಟವಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳ ಬಳ್ಳಿಯ ಮೂಲಕ ದೊರೆಯುತ್ತಿರುತ್ತದೆ. ಶಿಶು ಚೆನ್ನಾಗಿ ಮಿಸುಕಾಡುತ್ತದೆ, ತೂಕವೂ ಬರಬಹುದು. ಕೆಲವು ತಾಯಂದಿರಲ್ಲಿ ಗರ್ಭಜಲ ಹೆಚ್ಚಾಗುವುದನ್ನು ಬಿಟ್ಟರೆ ಬೇರೆ ಸೂಚನೆ ಇರುವುದಿಲ್ಲ. ಬಳ್ಳಿಯನ್ನು ಕತ್ತರಿಸಿದ ಕ್ಷಣದಿಂದ ಶಿಶು ತನ್ನ ಶ್ವಾಸಕೋಶವನ್ನೇ ನಂಬಬೇಕಾಗುತ್ತದೆ. ಆಗ ಕಷ್ಟ ಆರಂಭವಾಗುತ್ತದೆ. ಅತ್ತಾಗ ನುಂಗಿದ ಗಾಳಿಯಿಂದ ಎದೆಯೊಳಗಿನ ಜಠರ, ಕರುಳು ಉಬ್ಬುತ್ತವೆ; ಉಬ್ಬಿದಷ್ಟೂ ಶ್ವಾಸಕೋಶ ಮತ್ತಷ್ಟು ಅದುಮಿ ಹೋಗುತ್ತದೆ. ಆದುದರಿಂದಲೇ ಇಂತಹ ಶಿಶುವಿಗೆ ಮೊದಲ ಕೆಲವು ನಿಮಿಷಗಳು ಅಮೂಲ್ಯ.

ಗರ್ಭದಲ್ಲಿಯೇ ಪತ್ತೆ ಹಚ್ಚುವ ಬಗೆ

ಗರ್ಭಿಣಿಗೆ ಐದನೆಯ ತಿಂಗಳಲ್ಲಿ, ಅಂದರೆ 18ರಿಂದ 20ನೆಯ ವಾರದೊಳಗೆ, ಶಿಶುವಿನ ಅಂಗಾಂಗಗಳನ್ನು ಪರೀಕ್ಷಿಸುವ ಸ್ಕ್ಯಾನ್ ಮಾಡಿಸಬೇಕು. ಆ ಪರೀಕ್ಷೆಯಲ್ಲಿ ಹೃದಯ ಬಲಕ್ಕೆ ಸರಿದಿರುವುದು, ಎದೆಯಲ್ಲಿ ಜಠರ ಅಥವಾ ಕರುಳು ಕಾಣುವುದು ಇವೇ ವಪೆಯ ಹರ್ನಿಯಾದ ಮುಖ್ಯ ಗುರುತುಗಳು. ಅನಂತರ ತಜ್ಞರು ತಲೆಯ ಸುತ್ತಳತೆಗೆ ಹೋಲಿಸಿ ಶ್ವಾಸಕೋಶದ ಅಳತೆಯನ್ನು ತೆಗೆಯುತ್ತಾರೆ, ಯಕೃತ್ತು ಎದೆಗೆ ಏರಿದೆಯೇ ಎಂದು ನೋಡುತ್ತಾರೆ. ಶ್ವಾಸಕೋಶದ ಅಳತೆಯು ಆ ವಾರಕ್ಕೆ ಇರಬೇಕಾದುದರ ಶೇ. 25ಕ್ಕಿಂತ ಕಡಿಮೆ ಇದ್ದರೆ ಸ್ಥಿತಿ ತೀವ್ರವೆಂದು ಪರಿಗಣಿಸುತ್ತಾರೆ. ಹೃದಯದ ನ್ಯೂನತೆ ಮೊದಲಾದ ಬೇರೆ ತೊಂದರೆಗಳೂ ಹಲವು ಶಿಶುಗಳಲ್ಲಿ ಜೊತೆಗಿರುವುದರಿಂದ ಹೃದಯದ ಸ್ಕ್ಯಾನ್, ವರ್ಣತಂತುಗಳ ಪರೀಕ್ಷೆಗಳನ್ನೂ ಸೂಚಿಸಬಹುದು.

ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಎಲ್ಲ ಶಿಶುಗಳ ತೊಂದರೆಯೂ ಕಂಡೇ ತೀರುತ್ತದೆ ಎನ್ನಲಾಗದು. ಆದರೆ ಸ್ಕ್ಯಾನನ್ನೇ ಮಾಡಿಸದಿದ್ದರೆ ಕಾಣುವ ಸಾಧ್ಯತೆಯೇ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬಸ ಮಾಡುವ ಸಂಭ್ರಮಕ್ಕೆ ಎಷ್ಟು ಸಿದ್ಧತೆ ಮಾಡುತ್ತೇವೆ! ಅದರ ಕಾಲು ಭಾಗದ ಕಾಳಜಿ ಐದನೆಯ ತಿಂಗಳ ಸ್ಕ್ಯಾನಿಗೂ ಇರಲಿ. ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆಗಾಗಿ ಮಠಕ್ಕೆ ಬರುವ ಮಗಳ ಕೈಯಲ್ಲಿ ಆಕೆಯ ತಾಯಿ ಕಾರ್ಡೂ ಸ್ಕ್ಯಾನಿನ ವರದಿಯೂ ಇರಲಿ. ಸ್ಕ್ಯಾನ್ ಆಗಿಲ್ಲವೆಂದರೆ ಎಂಟನೆಯ ತಿಂಗಳಲ್ಲಿಯೂ ಮಾಡಿಸಬಹುದು; ತಡವಾಗಿಯಾದರೂ ತಿಳಿಯುವುದು ತಿಳಿಯದೇ ಇರುವುದಕ್ಕಿಂತ ಮೇಲು.

ಇನ್ನೊಂದು ಮಾತು. ಸ್ಕ್ಯಾನ್ ಮಾಡಿಸುವುದು ಗಂಡೋ ಹೆಣ್ಣೋ ಎಂದು ಕೇಳುವುದಕ್ಕಲ್ಲ. 1994ರ ಕಾಯ್ದೆಯ ಪ್ರಕಾರ ಹಾಗೆ ಕೇಳುವುದೂ ಹೇಳುವುದೂ ಅಪರಾಧ. ಸ್ತ್ರೀಪುರುಷ ಸಮಾನತೆಯನ್ನು ಸಾರಿದ ಕಲ್ಯಾಣದ ನೆಲದಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿರುವುದೇ ನೋವಿನ ಸಂಗತಿ.

ಪತ್ತೆಯಾದ ಮೇಲೆ ಏನು ಮಾಡಬೇಕು?

ಮೊದಲನೆಯದಾಗಿ, ಹೆರಿಗೆ ಎಲ್ಲಿ ಆಗಬೇಕೆಂಬುದನ್ನು ಮುಂಚಿತವಾಗಿ ನಿಶ್ಚಯಿಸಬೇಕು. ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಶಿಶುವಿಗೆ ಹೊಂದುವ ವೆಂಟಿಲೇಟರ್, ಮಕ್ಕಳ ಶಸ್ತ್ರಚಿಕಿತ್ಸಕರು ಈ ಮೂರೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲಿ ಹೆರಿಗೆಯಾಗಬೇಕು. ಬಸವಕಲ್ಯಾಣ ಅಥವಾ ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದ ಗರ್ಭಿಣಿಯು ಅಲ್ಲಿನ ಪ್ರಸೂತಿ ತಜ್ಞರಿಂದ ಬೀದರಿನ ಬ್ರಿಮ್ಸ್ ಆಸ್ಪತ್ರೆಗೋ ಕಲಬುರಗಿಗೋ ಪತ್ರ ಪಡೆದು, ಅಲ್ಲಿ ಈ ಮೂರು ಸೌಲಭ್ಯಗಳು ಆ ಸಮಯಕ್ಕೆ ದೊರೆಯುತ್ತವೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಇಲ್ಲವೆಂದಾದರೆ ಹೈದರಾಬಾದು, ಸೊಲ್ಲಾಪುರ, ಬೆಂಗಳೂರುಗಳ ಕಡೆ ನೋಡಬೇಕು. ಹೈದರಾಬಾದಿನ ನಿಲೋಫರ್ ಆಸ್ಪತ್ರೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವು ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವುಳ್ಳ ಸರ್ಕಾರಿ ವ್ಯವಸ್ಥೆಯ ಆಸ್ಪತ್ರೆಗಳು.

ಹುಮನಾಬಾದಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಒಂದು ಕಡೆ ಸೊಲ್ಲಾಪುರಕ್ಕೂ ಇನ್ನೊಂದು ಕಡೆ ಹೈದರಾಬಾದಿಗೂ ನಮ್ಮನ್ನು ಸೇರಿಸುತ್ತದೆ. ಆದರೆ ಉಸಿರಿಗಾಗಿ ಒದ್ದಾಡುವ ಕೂಸನ್ನು ಆ ದಾರಿಯಲ್ಲಿ ಗಂಟೆಗಟ್ಟಲೆ ಸಾಗಿಸುವುದೂ, ಹೆರಿಗೆಗೆ ಎರಡು ವಾರ ಮೊದಲೇ ತಾಯಿಯನ್ನು ಕರೆದೊಯ್ದು ಆಸ್ಪತ್ರೆಯ ಸಮೀಪ ಇರಿಸುವುದೂ ಒಂದೇ ಅಲ್ಲ. ಇಂತಹ ಶಿಶುವಿಗೆ ತಾಯಿಯ ಒಡಲಿಗಿಂತ ಸುರಕ್ಷಿತವಾದ ಆಂಬುಲೆನ್ಸ್ ಇಲ್ಲ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. ಗಡಿಭಾಗದ ನಮ್ಮ ಮನೆಗಳಲ್ಲಿ ತವರು ಮಹಾರಾಷ್ಟ್ರದಲ್ಲಿಯೋ ತೆಲಂಗಾಣದಲ್ಲಿಯೋ ಇರುವುದುಂಟು. ಹೋಗುವಾಗ ಸ್ಕ್ಯಾನಿನ ಕಾಗದಗಳು ಗಂಡನ ಮನೆಯ ಪೆಟ್ಟಿಗೆಯಲ್ಲಿ ಉಳಿದರೆ, ಅಲ್ಲಿನ ವೈದ್ಯರಿಗೆ ಏನೂ ತಿಳಿಯದು. ಕಾಗದಗಳು ಗರ್ಭಿಣಿಯ ಜೊತೆಯಲ್ಲಿಯೇ ಇರಬೇಕು. ಒಂದು ಪ್ರತಿ ಗಂಡನ ಮೊಬೈಲಿನಲ್ಲಿಯೂ ಇರಲಿ.

ಎರಡನೆಯದಾಗಿ, ಅತಿ ತೀವ್ರವಾದ ಪ್ರಸಂಗಗಳಲ್ಲಿ ಗರ್ಭದೊಳಗೇ ಮಾಡುವ ಒಂದು ಚಿಕಿತ್ಸೆ ಇದೆ. 27ರಿಂದ 29ನೆಯ ವಾರದಲ್ಲಿ ದೂರದರ್ಶಕದಂತಹ ಸೂಕ್ಷ್ಮ ನಳಿಕೆಯ ಮೂಲಕ ಶಿಶುವಿನ ಶ್ವಾಸನಾಳದಲ್ಲಿ ಚಿಕ್ಕ ಬಲೂನನ್ನು ಇರಿಸಿ, ಕೆಲವು ವಾರಗಳ ನಂತರ ತೆಗೆಯುತ್ತಾರೆ. ಇದರಿಂದ ಶ್ವಾಸಕೋಶದ ದ್ರವ ಹೊರಹೋಗದೆ ಅದು ಹಿಗ್ಗಿ ಬೆಳೆಯಲು ಸಹಾಯವಾಗುತ್ತದೆ. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಎಡಭಾಗದ ತೀವ್ರ ಹರ್ನಿಯಾ ಇದ್ದ ಶಿಶುಗಳ ಪೈಕಿ ಈ ಚಿಕಿತ್ಸೆ ಪಡೆದವರಲ್ಲಿ ಶೇ. 40 ಮಂದಿ ಬದುಕಿ ಮನೆಗೆ ಹೋದರು, ಪಡೆಯದವರಲ್ಲಿ ಶೇ. 15 ಮಾತ್ರ. ಆದರೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಇದರಿಂದ ಹೆಚ್ಚುತ್ತದೆ. ಮಧ್ಯಮ ಪ್ರಮಾಣದ ತೊಂದರೆಯಲ್ಲಿ ಇಷ್ಟು ಸ್ಪಷ್ಟವಾದ ಲಾಭ ಕಂಡುಬಂದಿಲ್ಲ. ಆದುದರಿಂದ ಇದು ಎಲ್ಲರಿಗೂ ಸಲ್ಲುವ ಚಿಕಿತ್ಸೆಯಲ್ಲ. ಭ್ರೂಣಚಿಕಿತ್ಸಾ ತಜ್ಞರೊಡನೆ ಸಮಾಲೋಚಿಸಿಯೇ ತೀರ್ಮಾನಿಸತಕ್ಕದ್ದು.

ಮೂರನೆಯದಾಗಿ, ಕೆಲವು ದಂಪತಿಗಳ ಮುಂದೆ ಕಠಿಣವಾದ ನಿರ್ಧಾರ ಬಂದು ನಿಲ್ಲುತ್ತದೆ. ಬೇರೆ ಗಂಭೀರ ನ್ಯೂನತೆಗಳೂ ಕೂಡಿದ್ದಾಗ ಗರ್ಭವನ್ನು ಮುಂದುವರಿಸುವ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ವೈದ್ಯರು ತಿಳಿಸುತ್ತಾರೆ. 2021ರ ತಿದ್ದುಪಡಿಯಂತೆ 24 ವಾರಗಳ ಅನಂತರದ ಪ್ರಸಂಗಗಳನ್ನು ವೈದ್ಯಕೀಯ ಮಂಡಳಿಯೇ ಪರಿಶೀಲಿಸಬೇಕು. ಈ ನಿರ್ಧಾರ ದಂಪತಿಗಳದು, ವಿಶೇಷವಾಗಿ ತಾಯಿಯದು. ಬಂಧುಬಳಗದವರು ಸಮಾಧಾನ ಹೇಳಬಹುದೇ ಹೊರತು ಒತ್ತಾಯ ಹೇರಬಾರದು.

ಹುಟ್ಟಿದ ನಂತರದ ಚಿಕಿತ್ಸಾಕ್ರಮ

ಮುಂಚಿತವಾಗಿ ತಿಳಿದಿದ್ದರೆ ವೈದ್ಯರು ಶಿಶು ಹುಟ್ಟಿದ ಕೂಡಲೇ ಶ್ವಾಸನಾಳಕ್ಕೆ ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸುತ್ತಾರೆ. ಉಸಿರಾಡದ ಇತರ ಶಿಶುಗಳಿಗೆ ಮುಖದ ಮೇಲೆ ಮುಚ್ಚಳವಿಟ್ಟು ಚೀಲದಿಂದ ಗಾಳಿ ಒತ್ತುವ ಕ್ರಮವನ್ನು ಇಲ್ಲಿ ಅನುಸರಿಸುವುದಿಲ್ಲ. ಏಕೆಂದರೆ ಆ ಗಾಳಿ ಜಠರಕ್ಕೂ ಹೋಗಿ ಎದೆಯೊಳಗೆ ಅದನ್ನು ಉಬ್ಬಿಸುತ್ತದೆ. ಮೂಗು ಅಥವಾ ಬಾಯಿಯ ಮೂಲಕ ಜಠರಕ್ಕೆ ಇನ್ನೊಂದು ನಳಿಕೆ ಹಾಕಿ ಅಲ್ಲಿನ ಗಾಳಿಯನ್ನು ನಿರಂತರವಾಗಿ ಹೊರತೆಗೆಯುತ್ತಾರೆ. ಹುಟ್ಟುವ ಮೊದಲೇ ತಿಳಿದಿರುವುದರಿಂದ ಆಗುವ ದೊಡ್ಡ ಉಪಕಾರ ಇದೇ. ತಿಳಿಯದಿದ್ದರೆ, ಒಳ್ಳೆಯ ಉದ್ದೇಶದಿಂದ ಮಾಡಿದ ಉಪಚಾರವೇ ಶಿಶುವಿಗೆ ಭಾರವಾಗಬಹುದು.

1946ರಲ್ಲಿ ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್, ಹುಟ್ಟಿ ಒಂದು ದಿನವೂ ತುಂಬದ ಶಿಶುವಿಗೆ ಈ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದ ವರದಿಯನ್ನು ಪ್ರಕಟಿಸಿದರು. ಅನಂತರ ಬಹುಕಾಲ, ಶಿಶು ಹುಟ್ಟಿದ ಕೂಡಲೇ ಅವಸರವಾಗಿ ಶಸ್ತ್ರಚಿಕಿತ್ಸೆ ಮಾಡುವುದೇ ರೂಢಿಯಾಗಿತ್ತು. ರೋಗದ ಮೂಲ ಶ್ವಾಸಕೋಶದಲ್ಲಿ, ಅದರ ರಕ್ತನಾಳಗಳ ಒತ್ತಡದಲ್ಲಿ ಇದೆ ಎಂಬುದು ತಿಳಿದ ಮೇಲೆ ಕ್ರಮ ಬದಲಾಯಿತು. ಈಗ ಮೊದಲು ಉಸಿರಾಟ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣಗಳನ್ನು ಸ್ಥಿರಗೊಳಿಸುತ್ತಾರೆ. ವೆಂಟಿಲೇಟರಿನ ಒತ್ತಡವನ್ನೂ ಮಿತವಾಗಿ ಇರಿಸಿ, ಎಳೆಯ ಶ್ವಾಸಕೋಶಕ್ಕೆ ಗಾಯವಾಗದಂತೆ ನೋಡಿಕೊಳ್ಳುತ್ತಾರೆ. ಬಿಗಿದುಕೊಂಡ ರಕ್ತನಾಳಗಳನ್ನು ಸಡಿಲಿಸಲು ನೈಟ್ರಿಕ್ ಆಕ್ಸೈಡ್ ಮೊದಲಾದವನ್ನು ಬಳಸಬಹುದು. ಸ್ಥಿತಿ ಸುಧಾರಿಸಿದ ಮೇಲೆ, ಒಂದೆರಡು ದಿನವಾಗಲಿ ಹೆಚ್ಚೇ ಆಗಲಿ, ಶಸ್ತ್ರಚಿಕಿತ್ಸೆ ನಡೆಸುತ್ತಾರೆ. ಆದುದರಿಂದ "ಮೂರು ದಿನವಾದರೂ ಆಪರೇಷನ್ ಮಾಡಲಿಲ್ಲ" ಎಂದು ತಂದೆತಾಯಿಗಳು ಕಳವಳಪಡಬಾರದು. ಆ ಕಾಯುವಿಕೆಯೂ ಚಿಕಿತ್ಸೆಯೇ.

ಶಸ್ತ್ರಚಿಕಿತ್ಸೆಯಲ್ಲಿ ಎದೆಯೊಳಗಿನ ಅವಯವಗಳನ್ನು ಹೊಟ್ಟೆಗೆ ಇಳಿಸಿ ರಂಧ್ರವನ್ನು ಹೊಲಿಯುತ್ತಾರೆ. ರಂಧ್ರ ದೊಡ್ಡದಾಗಿದ್ದರೆ ಕೃತಕ ಪದರದ ತೇಪೆ ಹಾಕುತ್ತಾರೆ. ಸುಸಜ್ಜಿತ ಕೇಂದ್ರಗಳಲ್ಲಿ ಈ ಶಿಶುಗಳ ಪೈಕಿ ಸುಮಾರು ಶೇ. 70 ಮಂದಿ ಬದುಕುತ್ತಾರೆ. ಎಲ್ಲ ಯತ್ನವನ್ನೂ ಮಾಡಿ ಉಳಿಯದ ಶಿಶುಗಳೂ ಇವೆ ಎಂಬ ಸತ್ಯವನ್ನು ಮುಚ್ಚಿಡಬಾರದು. ಆದರೆ ತಿಳಿವಳಿಕೆ ಇಲ್ಲದೆ, ಸ್ಥಳ ಗೊತ್ತಿಲ್ಲದೆ, ತಡವಾಗಿ ಕಳೆದುಕೊಳ್ಳುವ ಶಿಶುಗಳ ಸಂಖ್ಯೆಯನ್ನು ನಾವು ಕಡಿಮೆ ಮಾಡಬಹುದು.

ಮುಂಚಿತವಾಗಿ ತಿಳಿಯದೇ ಹೋದರೆ

ನವಜಾತ ಶಿಶುವಿನ ಹೊಟ್ಟೆ ಸಾಮಾನ್ಯವಾಗಿ ದುಂಡಗಿರುತ್ತದೆ. ಈ ಕೆಳಗಿನ ಲಕ್ಷಣಗಳು ಒಟ್ಟಿಗೆ ಕಂಡಲ್ಲಿ ವಪೆಯ ಹರ್ನಿಯಾ ಇರಬಹುದೆಂದು ಶಂಕಿಸಬೇಕು:

1. ಹೊಟ್ಟೆ ದೋಣಿಯಂತೆ ಒಳಗೆ ತಗ್ಗಿರುವುದು, ಎದೆ ಮಾತ್ರ ಉಬ್ಬಿರುವುದು.
2. ಉಸಿರಾಟ ವೇಗವಾಗಿ, ಪಕ್ಕೆ ಒಳಗೆ ಸೆಳೆಯುವುದು, ನರಳುವುದು.
3. ತುಟಿ, ನಾಲಿಗೆ ನೀಲಿಯಾಗುವುದು. ಅತ್ತಷ್ಟೂ ನೀಲಿ ಹೆಚ್ಚುವುದು.
4. ಹೃದಯದ ಬಡಿತ ಎಡಕ್ಕಿಂತ ಬಲಭಾಗದಲ್ಲಿ ಚೆನ್ನಾಗಿ ತಿಳಿಯುವುದು.

ಆಗ ಮಾಡಬೇಕಾದುದು ಸರಳ. ಬಾಯಿಗೆ ಏನನ್ನೂ ಹಾಕಬಾರದು. ಹಾಲು, ಜೇನು, ಸಕ್ಕರೆ ನೀರು, ಜನ್ಮಘುಟ್ಟಿ, ಬಜೆ ಯಾವುದೂ ಬೇಡ. ಶಿಶುವನ್ನು ಬೆಚ್ಚಗೆ ಸುತ್ತಿ, ತಲೆಯ ಕಡೆ ಸ್ವಲ್ಪ ಎತ್ತರಿಸಿ ಹಿಡಿಯಬೇಕು. 108ಕ್ಕೆ ಕರೆ ಮಾಡಿ, ನವಜಾತ ಶಿಶುಗಳ ಘಟಕವಿರುವ ಆಸ್ಪತ್ರೆಗೆ ನೇರವಾಗಿ ಕೊಂಡೊಯ್ಯಬೇಕು. "ಹೊಟ್ಟೆ ತಗ್ಗಿದೆ, ಉಸಿರಾಟ ಕಷ್ಟವಾಗಿದೆ" ಎಂದು ಮೊದಲೇ ತಿಳಿಸಬೇಕು. ಎದೆಯ ಒಂದು ಎಕ್ಸ್‌ರೇ ಬಹುಪಾಲು ಸಂದೇಹವನ್ನು ನಿವಾರಿಸುತ್ತದೆ.

ಕೆಲವು ಮಕ್ಕಳಲ್ಲಿ ರಂಧ್ರ ಚಿಕ್ಕದಾಗಿದ್ದು, ತಿಂಗಳುಗಳ ಅಥವಾ ವರ್ಷಗಳ ನಂತರ ತೊಂದರೆ ಹೊರಬೀಳುತ್ತದೆ. ಪದೇಪದೇ ಕೆಮ್ಮು, ದಮ್ಮು, ವಾಂತಿ, ತೂಕ ಏರದಿರುವುದು ಇವನ್ನು ನ್ಯುಮೋನಿಯಾ ಎಂದೇ ತಿಳಿದು ಚಿಕಿತ್ಸೆ ನಡೆಯುವುದುಂಟು. ಇಂತಹ ಮಗುವಿನ ಎಕ್ಸ್‌ರೇಯನ್ನು ಮಕ್ಕಳ ತಜ್ಞರಿಗೆ ತೋರಿಸುವುದು ಅವಶ್ಯ.

ಆಯುರ್ವೇದದ ದೃಷ್ಟಿ

ಆಯುರ್ವೇದ ವೈದ್ಯನಾದ ನನ್ನನ್ನು ಭಕ್ತರು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ನಮ್ಮ ಔಷಧಿ ಇಲ್ಲವೇ?" ಉತ್ತರವನ್ನು ಸುತ್ತಿಬಳಸದೆ ಹೇಳುತ್ತೇನೆ. ವಪೆಯ ರಂಧ್ರವನ್ನು ಮುಚ್ಚುವ ಕಷಾಯವಿಲ್ಲ, ಭಸ್ಮವಿಲ್ಲ, ಲೇಪವಿಲ್ಲ. ಹೊಟ್ಟೆಗೆ ಎಣ್ಣೆ ನೀವಿ ಪಟ್ಟಿ ಕಟ್ಟುವುದರಿಂದ ಕರುಳು ಕೆಳಗಿಳಿಯುವುದಿಲ್ಲ, ಮೇಲಕ್ಕೆ ಒತ್ತಲ್ಪಡಬಹುದು.

ಇದು ಶಾಸ್ತ್ರಕ್ಕೆ ಅಗೌರವವಲ್ಲ. ಸುಶ್ರುತಾಚಾರ್ಯರು ವೃದ್ಧಿರೋಗಗಳನ್ನು ಏಳು ಬಗೆಯಾಗಿ ಎಣಿಸಿ, ಅವುಗಳಲ್ಲಿ ಆಂತ್ರವೃದ್ಧಿಯನ್ನೂ ಹೇಳಿದ್ದಾರೆ. ಅದು ಕೆಳಹೊಟ್ಟೆಯಿಂದ ವೃಷಣದ ಕಡೆಗೆ ಇಳಿಯುವ ಕರುಳಿನ ವಿಷಯ. ವಪೆಯ ರಂಧ್ರಕ್ಕೆ ಅದನ್ನು ಅನ್ವಯಿಸಲಾಗದು. ಅವರೇ ವ್ಯಾಧಿಗಳನ್ನು ವಿಂಗಡಿಸುವಾಗ ಗರ್ಭದಿಂದಲೇ ಬರುವ ಜನ್ಮಬಲಪ್ರವೃತ್ತ ವ್ಯಾಧಿಗಳನ್ನು ಬೇರೆಯಾಗಿಯೇ ಗುರುತಿಸಿದ್ದಾರೆ. ಕಾಯಚಿಕಿತ್ಸೆಗೆ ಪ್ರಮಾಣರಾದ ಚರಕಾಚಾರ್ಯರು ಗುಲ್ಮ ಚಿಕಿತ್ಸೆಯ ಅಧ್ಯಾಯದಲ್ಲಿ, ಗುಲ್ಮವು ಪಕ್ವವಾದಾಗ ಅಲ್ಲಿ ಅಧಿಕಾರ ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರದು ಎಂದು ಸ್ಪಷ್ಟಪಡಿಸಿದ್ದಾರೆ. ತನ್ನ ಅಧಿಕಾರ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅರಿತು, ರೋಗಿಯನ್ನು ಸಕಾಲದಲ್ಲಿ ತಕ್ಕವರ ಕೈಗೆ ಒಪ್ಪಿಸುವುದೂ ವೈದ್ಯಧರ್ಮ. ಕಲ್ಯಾಣದ ಶರಣರಲ್ಲಿ ವೈದ್ಯಕಾಯಕವನ್ನು ಕೈಗೊಂಡ ವೈದ್ಯ ಸಂಗಣ್ಣನವರಿದ್ದರು. ಕಾಯಕವೆಂದ ಮೇಲೆ ಅದರಲ್ಲಿ ಸುಳ್ಳಿಗೆ ಎಡೆಯಿಲ್ಲ. ವಾಸಿಮಾಡಲಾಗದುದನ್ನು ವಾಸಿಮಾಡುವೆನೆಂದು ಹಣ ಪಡೆಯುವುದು ಕಾಯಕವಾಗದು.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಸ್ಥಾನವೇ ಇಲ್ಲವೇ? ಇದೆ. ತಿಂಗಳು ತಿಂಗಳಿಗೆ ಹೇಳಿದ ಗರ್ಭಿಣೀ ಪರಿಚರ್ಯೆಯ ಹಾಲು, ತುಪ್ಪ, ಲಘುವಾದ ಪೌಷ್ಟಿಕ ಆಹಾರ, ನೆಮ್ಮದಿ, ವಿಶ್ರಾಂತಿ ತಾಯಿಗೆ ಹಿತಕರ. ಆದರೆ ಲೋಹ, ಪಾದರಸ ಸೇರಿದ ಔಷಧಿಗಳನ್ನು ಗರ್ಭಿಣಿ ತಾನಾಗಿ ಸೇವಿಸಲೇಬಾರದು. ಸರ್ಕಾರ ಕೊಡುವ ಕಬ್ಬಿಣಾಂಶ, ಫೋಲಿಕ್ ಆಮ್ಲದ ಮಾತ್ರೆಗಳನ್ನು ಬಿಡಬಾರದು. ಶಿಶು ಆಸ್ಪತ್ರೆಯಲ್ಲಿರುವಾಗ ಬಾಣಂತಿಯ ಆರೈಕೆ ಮರೆತುಹೋಗುತ್ತದೆ. ಆಕೆಗೆ ಸಕಾಲದ ಊಟ, ನಿದ್ರೆ ಬೇಕು. ಶಿಶುವಿಗಾಗಿ ಎದೆಹಾಲನ್ನು ಹಿಂಡಿ ತೆಗೆಯುತ್ತಿರಬೇಕು. ಶಸ್ತ್ರಚಿಕಿತ್ಸೆಯ ನಂತರ ನಳಿಕೆಯ ಮೂಲಕ ಮೊದಲು ಕೊಡುವುದಕ್ಕೆ ಅದಕ್ಕಿಂತ ಶ್ರೇಷ್ಠವಾದ ಆಹಾರವಿಲ್ಲ. ಮಗು ಮನೆಗೆ ಬಂದ ಮೇಲೆ ಶಸ್ತ್ರವೈದ್ಯರು ಒಪ್ಪುವವರೆಗೆ ಎಣ್ಣೆ ನೀವುವುದು, ಸುವರ್ಣಪ್ರಾಶನ ಮೊದಲಾದವನ್ನು ಮಾಡಬಾರದು.

ಬರೆ, ಗ್ರಹಣ, ಸೂತಕ

ಉಸಿರಾಟ ಕಷ್ಟವಾದ ಎಳೆಗೂಸಿನ ಹೊಟ್ಟೆಗೆ ಬರೆ ಹಾಕುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಪೂರ್ಣವಾಗಿ ನಿಂತಿಲ್ಲ. ಸುಟ್ಟ ಗಾಯದಿಂದ ನಂಜು ಏರುತ್ತದೆ, ನೋವಿನಿಂದ ಕೂಸು ಮತ್ತಷ್ಟು ಅಳುತ್ತದೆ, ಅತ್ತಷ್ಟೂ ಗಾಳಿ ನುಂಗುತ್ತದೆ. ಈ ರೋಗದಲ್ಲಿ ಅದಕ್ಕಿಂತ ಕೆಡುಕು ಇನ್ನಿಲ್ಲ. ಬರೆ ಆಯುರ್ವೇದವಲ್ಲ, ಸುಶ್ರುತರು ಹೇಳಿದ ಅಗ್ನಿಕರ್ಮವನ್ನು ಮುಂದಿಟ್ಟು ಅದನ್ನು ಸಮರ್ಥಿಸುವವರಿಗೆ, ಅಗ್ನಿಕರ್ಮಕ್ಕೆ ಅಯೋಗ್ಯರಾದವರ ಪಟ್ಟಿಯಲ್ಲಿ ಬಾಲಕರೂ ಸೇರಿದ್ದಾರೆಂಬುದನ್ನು ನೆನಪಿಸಬೇಕು.

ಗ್ರಹಣದ ದಿನ ಗರ್ಭಿಣಿ ಕತ್ತರಿ ಹಿಡಿದದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ. ಆಕೆಯ ಕಾಲ್ಗುಣ, ಪೂರ್ವಜನ್ಮದ ಪಾಪ ಎನ್ನುವವರೂ ಇದ್ದಾರೆ. ವಪೆಯ ದಾರಿ ಮುಚ್ಚಬೇಕಾದ ಎಂಟನೆಯ ವಾರದಲ್ಲಿ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೇ ಖಚಿತವಾಗಿ ತಿಳಿದಿರುವುದಿಲ್ಲ. ಬಹುಪಾಲು ಪ್ರಸಂಗಗಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ವರ್ಣತಂತುಗಳ ವ್ಯತ್ಯಾಸ ಕಂಡುಬರುತ್ತದೆ. ಅದೂ ಯಾರ ತಪ್ಪೂ ಅಲ್ಲ. ಮುಹೂರ್ತ, ಜನನಸೂತಕಗಳನ್ನು ಶರಣರು ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತಳ್ಳಿಹಾಕಿದರು. ಆ ಧರ್ಮದಲ್ಲಿ ಹುಟ್ಟಿಯೂ "ಅಮಾವಾಸ್ಯೆ ಕಳೆಯಲಿ, ಐದು ದಿನ ತುಂಬಲಿ" ಎಂದು ಕೂಸನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಶರಣಮಾರ್ಗಕ್ಕೂ ವಿರುದ್ಧ, ಕೂಸಿನ ಪ್ರಾಣಕ್ಕೂ ಅಪಾಯ.

ಭಕ್ತರ ಕೆಲವು ಪ್ರಶ್ನೆಗಳು

*ಸಿಸೇರಿಯನ್ ಆಗಲೇಬೇಕೇ?* ಈ ತೊಂದರೆ ಒಂದೇ ಸಿಸೇರಿಯನ್‌ಗೆ ಕಾರಣವಲ್ಲ. ಸಹಜ ಹೆರಿಗೆಯೂ ಆಗಬಹುದು. ಅದು ಸಿದ್ಧತೆಯಿರುವ ಆಸ್ಪತ್ರೆಯಲ್ಲಿ ಆಗುವುದು ಮುಖ್ಯ.

*ಮುಂದಿನ ಮಗುವಿಗೂ ಬರುವುದೇ?* ಬೇರೆ ನ್ಯೂನತೆಗಳಿಲ್ಲದೆ ಇದೊಂದೇ ಇದ್ದರೆ ಮರುಕಳಿಸುವ ಸಾಧ್ಯತೆ ನೂರಕ್ಕೆ ಒಂದೆರಡು ಮಾತ್ರ. ಬೇರೆ ನ್ಯೂನತೆಗಳಿದ್ದರೆ, ಅಥವಾ ಸೋದರಮಾವ ಮೊದಲಾದ ಹತ್ತಿರದ ಸಂಬಂಧದಲ್ಲಿ ವಿವಾಹವಾಗಿದ್ದರೆ, ಅನುವಂಶೀಯ ತಜ್ಞರ ಸಲಹೆ ಪಡೆಯಬೇಕು.

*ಬದುಕಿದ ಮಗು ಎಲ್ಲರಂತೆ ಇರುವುದೇ?* ಹಲವರು ಶಾಲೆಗೆ ಹೋಗಿ, ಆಡಿ ಬೆಳೆಯುತ್ತಾರೆ. ಹುಟ್ಟಿದ ನಂತರವೂ ಕೆಲವು ವರ್ಷ ಶ್ವಾಸಕೋಶದ ಗಾಳಿಗೂಡುಗಳು ಹೊಸದಾಗಿ ಹುಟ್ಟುತ್ತಿರುವುದು ದೊಡ್ಡ ಆಶಾಕಿರಣ. ಆದರೆ ಹಾಲು ಮೇಲೆ ಬರುವುದು, ತೂಕ ನಿಧಾನವಾಗಿ ಏರುವುದು, ಶ್ರವಣದೋಷ, ಬೆನ್ನೆಲುಬು ಬಾಗುವುದು, ಹರ್ನಿಯಾ ಮರುಕಳಿಸುವುದು ಇವುಗಳಿಗಾಗಿ ವರ್ಷಗಳ ಕಾಲ ತಪಾಸಣೆ ಬೇಕು. ಲಸಿಕೆಗಳನ್ನು ತಪ್ಪಿಸಬಾರದು.

*ಖರ್ಚು ಹೇಗೆ?* ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಅಸ್ವಸ್ಥ ಶಿಶುವಿನ ಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಸಿದ್ಧವಿರಲಿ. ಹೋಗುವ ಆಸ್ಪತ್ರೆಯಲ್ಲಿ, ಅದರಲ್ಲಿಯೂ ರಾಜ್ಯದ ಹೊರಗಿನ ಆಸ್ಪತ್ರೆಯಲ್ಲಿ, ಯೋಜನೆ ಅನ್ವಯಿಸುವುದೇ ಎಂದು ಹೆರಿಗೆಗೆ ಮೊದಲೇ ವಿಚಾರಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ತಪ್ಪದೆ ಹೋಗಬೇಕು.

ನಮ್ಮ ಪಾಲಿನ ದಾಸೋಹ

ಇಂತಹ ಶಿಶುವಿನ ಚಿಕಿತ್ಸೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ದಿನಗೂಲಿಯ ತಂದೆ ಪರಸ್ಥಳದ ಆಸ್ಪತ್ರೆಯ ವರಾಂಡದಲ್ಲಿ ಮಲಗುತ್ತಾನೆ. ಊರಿನಲ್ಲಿ ದೊಡ್ಡ ಮಗುವನ್ನು ನೋಡುವವರಿಲ್ಲ, ಹೊಲದ ಕೆಲಸ ನಿಲ್ಲುತ್ತದೆ. ಚಿಕಿತ್ಸೆ ನಡುವೆಯೇ ಶಿಶುವನ್ನು ಮನೆಗೆ ತರುವ ಯೋಚನೆ ಹುಟ್ಟುವುದು ಹಲವು ವೇಳೆ ಇಂತಹ ಅಸಹಾಯಕತೆಯಿಂದಲೇ. ಹೈದರಾಬಾದು, ಬೆಂಗಳೂರುಗಳಲ್ಲಿರುವ ನಮ್ಮ ಭಕ್ತರು ಒಂದು ಹೊತ್ತಿನ ಬುತ್ತಿ, ತಂಗಲು ಒಂದು ಕೋಣೆ, ಬೇಕಾದಾಗ ರಕ್ತದಾನ ಇಷ್ಟನ್ನು ಒದಗಿಸಿದರೂ ಆ ತಂದೆತಾಯಿಗಳ ಧೈರ್ಯ ಉಳಿಯುತ್ತದೆ. ಊರಿನಲ್ಲಿರುವವರು ಆ ಮನೆಯ ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳಲಿ. ದಾಸೋಹವೆಂದರೆ ಅನ್ನವೊಂದೇ ಅಲ್ಲವಷ್ಟೆ.

ಈ ಲೇಖನವನ್ನು ಓದಿದವರು ತಮ್ಮ ಓಣಿಯಲ್ಲಿ ಈಗ ಗರ್ಭಿಣಿಯಾಗಿರುವ ಒಬ್ಬ ಹೆಣ್ಣುಮಗಳನ್ನಾದರೂ "ಐದನೆಯ ತಿಂಗಳ ಸ್ಕ್ಯಾನ್ ಆಯಿತೇನವ್ವಾ?" ಎಂದು ವಿಚಾರಿಸಬೇಕೆಂದು ಪ್ರಾರ್ಥನೆ.